ಉಡಿಯಲ್ಲಿ ಹೋದ ಕಣ್ಣುಕಡ್ಡಿ

ಟಿಕೋಟಾ
೧೯ ಜನವರಿ ೧೯೭೭

ತೋಟಗಾರಿಕೆ ಅಧಿಕಾರಿ ಅಬ್ದುಲಗನಿ ಬಾಗವಾನ ಅವರಿಗೆ, ವಿಜಾಪುರ.

ನಾನು ಗುರುಬಾಯಿ, ಟಿಕೋಟಾದ ಪಾಟೀಲರ ಹಿರಿಯ ಮನೆಯ ಯಜಮಾನಿ. ನಮ್ಮ ಮನೆಯವರು ರಾಮಲಿಂಗಗೌಡರು ತೀರಿಕೊಂಡಂದಿನಿಂದ ಹೊಲ, ತೋಟ, ಆಳುಕಾಳು ಎಲ್ಲ ನನ್ನ ಮಾತಿನ ಮೇಲೆ ನಡೆಯುತ್ತಿವೆ. ವಿಜಾಪುರದಲ್ಲಿ ಹೈಸ್ಕೂಲು ಓದಿದ್ದೇನೆ. ಆ ಕಾಲಕ್ಕೆ ನಮ್ಮ ಕಡೆ ಅಷ್ಟು ಓದಿದ ಗಂಡಸರೂ ಕಡಿಮೆ. ಊರಲ್ಲಿ ಯಾರ ಮನೆಯ ಮದುವೆಯಾದರೂ ಮದುಮಗಳ ಸೆರಗಿನ ಉಡಿಗೆ ಬೀಳುವ ಮೊದಲ ಹಿಡಿ ಅಕ್ಕಿ ನಮ್ಮ ಮನೆಯಿಂದಲೇ ಹೋಗುತ್ತದೆ. ಯಾರಿಗೆ ಉತ್ತರ ಬರೆಯಬೇಕಾಗಿದೆ ಎಂಬುದು ನಿಮಗೆ ಮೊದಲೇ ತಿಳಿದಿರಲಿ ಎಂದು ಇಷ್ಟು ಬರೆದೆ.

ವಿಷಯಕ್ಕೆ ಬರುತ್ತೇನೆ. ನಮ್ಮ ತೋಟದಲ್ಲಿ ಒಂದು ಮೋಸಂಬಿ ಗಿಡವಿದೆ. ನನ್ನ ಮಾವನವರು ಪುಣೆಯ ಕಡೆಯಿಂದ ತಂದು ನೆಟ್ಟದ್ದು. ತೋಟದ ಉಳಿದ ಮೋಸಂಬಿ ಗಿಡಗಳೆಲ್ಲ ಅದರ ಕಸಿ. ಅದರ ಹಣ್ಣಿನ ರುಚಿ ಸುತ್ತಲಿನ ಹಳ್ಳಿಗಳಲ್ಲಿ ಬೇರೆ ಯಾವ ತೋಟಕ್ಕೂ ಇಲ್ಲ. ಮನೆಯ ಹೆಣ್ಣುಮಕ್ಕಳನ್ನು ಗಂಡನ ಮನೆಗೆ ಕಳಿಸುವಾಗ ಅಕ್ಕಿ, ಕೊಬ್ಬರಿ, ಉತ್ತತ್ತಿಯ ಜೊತೆಗೆ ಆ ಗಿಡದ ಕಣ್ಣುಕಡ್ಡಿಗಳನ್ನು ಹಸಿ ಬಟ್ಟೆಯಲ್ಲಿ ಸುತ್ತಿ ಉಡಿಗೆ ಹಾಕುವುದು ನಮ್ಮ ಮನೆತನದ ಪದ್ಧತಿ. ಅತ್ತೆಯ ಮನೆಯವರು ಆ ಕಡ್ಡಿಯ ಚಿಗುರೊಡೆಯುವ ಕಣ್ಣುಗಳನ್ನು ನಿಂಬೆಜಾತಿಯ ಸಸಿಗಳಿಗೆ ಕಸಿ ಕಟ್ಟಿ ತೋಟ ಎಬ್ಬಿಸಿಕೊಳ್ಳುತ್ತಾರೆ.

ಹಾಗೆ ಏಳು ವರ್ಷದ ಹಿಂದೆ ನನ್ನ ಮಗಳು ತಾಯವ್ವ ಬಬಲೇಶ್ವರಕ್ಕೆ ಹೋದಳು. ಕಡ್ಡಿಯನ್ನೂ ಒಯ್ದಳು. ಈಗ ಅವರ ತೋಟದ ಗಿಡಗಳು ಕುಳ್ಳಾಗಿ ನಿಂತು, ಬುಡದ ತೊಗಟೆ ಸುಲಿಯುತ್ತಿದೆ. ನನ್ನ ಬೀಗತಿ ಬೋರವ್ವ ಎಂಬ ಹೆಂಗಸು ಕಳೆದ ತಿಂಗಳು ನನ್ನನ್ನು ತೋಟದಲ್ಲಿ ನಿಲ್ಲಿಸಿಕೊಂಡು, ಉಗುರಿನಿಂದ ತೊಗಟೆ ಎಬ್ಬಿಸಿ ತೋರಿಸಿದಳು.

“ನೋಡ್ರಿ ಬೀಗತ್ಯಾರ, ನಿಮ್ಮ ಮಗಳು ಕಾಲಿಟ್ಟ ವರ್ಸ ಕಟ್ಟಿದ ಗಿಡ ಇವು. ಆಕಿ ಕಾಲ್ಗುಣ ಛಲೋ ಇದ್ರ ಗಿಡಕ್ಕ ಹಿಂಗ ಹುರುಕ ಹತ್ತತಿತ್ತೇನ್ರಿ?”

ಆಕೆಯ ತಮ್ಮ ಸಂಗಣ್ಣ ಅಲ್ಲೇ ಹೊರಸಿನ ಮೇಲೆ ಬಿದ್ದುಕೊಂಡಿದ್ದ. ಎರಡು ದಿನಕ್ಕೆಂದು ಅಕ್ಕನ ಮನೆಗೆ ಬಂದವನು, ಮೂರು ವರ್ಷವಾದರೂ ಎದ್ದಿಲ್ಲ. ಅವನೂ ಬಾಯಿ ಹಾಕಿದ. “ಗಿಡ ಅಷ್ಟ ಅಲ್ಲಕ್ಕ, ಎಮ್ಮಿನೂ ಹಾಲ ಕಡಿಮಿ ಮಾಡೇತಿ.”

“ಎಮ್ಮಿ ಹಾಲ ಯಾರ ಹೊಟ್ಟ್ಯಾಗ ಹೋಗಾಕತ್ತೇತಿ ಅಂತ ಎಮ್ಮಿನ್ನ ಕೇಳಪಾ, ಹೇಳತೈತಿ,” ಎಂದೆ.

ಅದಕ್ಕೆ ಬೋರವ್ವ ಅಂದದ್ದು ಇದು: “ನಗಸಬ್ಯಾಡ್ರಿ. ಮುಂಗಾರಿ ಮಳಿ ಬೀಳೂದ್ರಾಗ ಈ ಪೀಡಾ ಹೋಗಲಿಲ್ಲಂದ್ರ ನಿಮ್ಮ ಮಗಳನ್ನ ಕಳಿಸಿಬಿಡ್ತೀನಿ. ಮಲಕಾಜಪ್ಪಗ ಬ್ಯಾರೆ ಹೆಣ್ಣ ನೋಡ್ತೀನಿ.” ಮಲಕಾಜಪ್ಪ ನನ್ನ ಅಳಿಯ. ತಾಯಿಯ ಪಕ್ಕದಲ್ಲೇ ನಿಂತಿದ್ದ, ಬೇಲಿಯ ಕಂಬದಂತೆ.

ನೀವು ಬಂದು ನಮ್ಮ ಗಿಡವನ್ನು ನೋಡಿ, ಅದು ನಿರೋಗಿ ಎಂದು ಕಚೇರಿಯ ಮುದ್ರೆ ಒತ್ತಿ ಬರೆದುಕೊಡಬೇಕು. ಆ ಕಾಗದವನ್ನು ಆಕೆಯ ಮುಖದೆದುರು ಹಿಡಿಯುವುದು ನನ್ನ ಕೆಲಸ.

ಗುರುಬಾಯಿ ರಾಮಲಿಂಗಗೌಡ ಪಾಟೀಲ


ವಿಜಾಪುರ
೪ ಫೆಬ್ರುವರಿ ೧೯೭೭

ಮಾತೋಶ್ರೀ ಗುರುಬಾಯಿಯವರಿಗೆ ಅಬ್ದುಲಗನಿಯ ಆದರದ ನಮಸ್ಕಾರಗಳು.

ನಿಮ್ಮ ತೋಟವನ್ನೂ ಬಬಲೇಶ್ವರದ ತೋಟವನ್ನೂ ನೋಡಿ ಬಂದೆ. ನಿಮ್ಮ ಮನೆಯ ಮಜ್ಜಿಗೆ ಇನ್ನೂ ನೆನಪಿದೆ. ಆದರೆ ನೀವು ಕೇಳಿದ ಕಾಗದವನ್ನು ಈಗಲೇ ಕೊಡಲಾರೆ.

ಬಬಲೇಶ್ವರದ ಗಿಡಗಳಲ್ಲಿ ಹುಳುವಿಲ್ಲ, ಬೂಷ್ಟು ಇಲ್ಲ. ತೊಗಟೆ ಸುಲಿದಿರುವುದು ಕಸಿಯ ಗಂಟಿನ ಕೆಳಗೆ ಮಾತ್ರ. ಇಂಥ ರೋಗಕ್ಕೆ ಕಾರಣವಾದ ಕಣವನ್ನು ವಿಜ್ಞಾನಿಗಳು ಗುರುತಿಸಿ ಐದಾರು ವರ್ಷವಷ್ಟೇ ಆಗಿದೆ. ಅದಕ್ಕೆ ವೈರಾಯ್ಡ್ ಎನ್ನುತ್ತಾರೆ. ಸಿಡುಬಿನಂಥ ರೋಗ ತರುವ ವೈರಸ್ಸಿನ ಹೆಸರನ್ನು ನೀವು ಕೇಳಿರಬಹುದು. ವೈರಸ್ಸಿಗಾದರೂ ಪ್ರೋಟೀನಿನ ಒಂದು ಹೊದಿಕೆ ಇರುತ್ತದೆ. ವೈರಾಯ್ಡಿಗೆ ಅದೂ ಇಲ್ಲ. ಅದು ಬರೀ ಆರ್‌ಎನ್‌ಎಯ ಒಂದು ಗಿಡ್ಡ ಎಳೆ, ಅಂಥ ಎಳೆಗಳು ಪ್ರತಿ ಜೀವಕೋಶದಲ್ಲೂ ಇರುತ್ತವೆ. ಉಣ್ಣುವುದಿಲ್ಲ, ಉಸಿರಾಡುವುದಿಲ್ಲ, ತನ್ನಂಥ ಇನ್ನೊಂದನ್ನು ತಾನೇ ಮಾಡಿಕೊಳ್ಳುವ ಸಾಮರ್ಥ್ಯವೂ ಇಲ್ಲ. ಗಿಡದ ಜೀವಕೋಶದೊಳಗೆ ಸೇರಿತೆಂದರೆ, ಆ ಕೋಶ ತನ್ನ ಎಳೆಗಳನ್ನು ನಕಲು ಮಾಡುವ ಸಲಕರಣೆಯಿಂದಲೇ ಇದನ್ನೂ ನಕಲು ಮಾಡುತ್ತ ಹೋಗುತ್ತದೆ. ಒಂದು ಹೋಗಿ ಸಾವಿರವಾಗುತ್ತದೆ.

ಇದು ಇದ್ದೂ ಗಿಡ ಹಸಿರಾಗಿಯೇ ಕಾಣಬಹುದು. ಆದ್ದರಿಂದ ಕಣ್ಣಿನಿಂದ ನೋಡಿ ಹೇಳುವಂತಿಲ್ಲ. ನಿಂಬೆಯ ಬಳಗದ ಮಾದಲದಲ್ಲಿ ಒಂದು ಜಾತಿ ಇದಕ್ಕೆ ಬೇಗ ಸೋಲುತ್ತದೆ. ನಿಮ್ಮ ಗಿಡದ ಕಣ್ಣುಗಳನ್ನು ಎರಡು ಮಾದಲದ ಸಸಿಗಳಿಗೆ ಕಟ್ಟಿ, ಮೂರನೆಯದನ್ನು ಹಾಗೆಯೇ ಬಿಡೋಣ. ರೋಗವಿದ್ದರೆ ಕಟ್ಟಿದ ಸಸಿಗಳ ಎಲೆ ಕೆಳಗೆ ಸುರುಳಿಯಾಗುತ್ತವೆ. ಅದಕ್ಕೆ ಸೆಕೆ ಬೇಕು, ನಮ್ಮ ಬೇಸಿಗೆ ಸಾಕು. ನಿಮ್ಮ ಅಪ್ಪಣೆಯಾದರೆ ಸಸಿಗಳನ್ನು ಕಚೇರಿಯ ಅಂಗಳದಲ್ಲಿ ಇಡುತ್ತೇನೆ.

ನಿಮ್ಮ ವಿಶ್ವಾಸಿ,
ಅಬ್ದುಲಗನಿ


ಟಿಕೋಟಾ
೧೨ ಫೆಬ್ರುವರಿ ೧೯೭೭

ಅಬ್ದುಲಗನಿ ಅವರಿಗೆ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೈಯಿಲ್ಲ, ಅಂಗಿಯಿಲ್ಲ, ಸ್ವಂತ ಒಲೆಯಿಲ್ಲ, ಕಂಡವರ ಮನೆಯಲ್ಲಿ ಕೂತು ಕಂಡವರ ಕೈಯಿಂದಲೇ ತನ್ನ ಕೆಲಸ ಮಾಡಿಸಿಕೊಳ್ಳುತ್ತದೆ. ಮೊದಲ ಸಲ ಓದಿದಾಗ ನೀವು ಬಬಲೇಶ್ವರದ ಸಂಗಣ್ಣನನ್ನು ವರ್ಣಿಸುತ್ತಿದ್ದೀರಿ ಎಂದುಕೊಂಡೆ. ಅಂಥ ಭಿಕಾರಿ ವಸ್ತು ನನ್ನ ಮಾವನವರ ಗಿಡದಲ್ಲಿ ಇದೆಯೆಂದು ನೀವು ಸಂಶಯಪಡುತ್ತೀರಿ. ನಿಮ್ಮ ಮನೆಯವರು ತಲೆತಲಾಂತರದಿಂದ ಹಣ್ಣು ಮಾರಿದವರು. ಹಣ್ಣು ಮಾರುವವರು ಗಿಡವನ್ನು ಬುಟ್ಟಿಯ ಲೆಕ್ಕದಲ್ಲಿ ನೋಡುತ್ತಾರೆ, ಅದು ಸಹಜ.

ನನ್ನ ಮೂರು ಪ್ರಶ್ನೆಗಳಿಗೆ ಉತ್ತರ ಕೊಡಿ. ಕಾಲಿಲ್ಲದ್ದು ಒಂದು ಕೋಶದಿಂದ ಇನ್ನೊಂದಕ್ಕೆ ಹೇಗೆ ಹೋಗುತ್ತದೆ? ನಮ್ಮ ಗಿಡದಲ್ಲಿ ಅದು ಇರುವುದಾದರೆ ಇಷ್ಟು ವರ್ಷ ಅಲ್ಲಿ ಏನು ಮಾಡುತ್ತಿತ್ತು? ನಮ್ಮಲ್ಲಿ ಕಸಿಯ ಚಾಕುವನ್ನು ಪ್ರತಿ ಗಿಡಕ್ಕೂ ಬೆಂಕಿಯಲ್ಲಿ ಹಿಡಿದೇ ಮುಂದಿನದಕ್ಕೆ ಒಯ್ಯುತ್ತಾರೆ. ಬೆಂಕಿಗೂ ಸಾಯದ್ದು ಯಾವುದಿದೆ?

ಇನ್ನೊಂದು ಮಾತು. ಬಬಲೇಶ್ವರದವರು ಕಣ್ಣು ಕಟ್ಟಿದ್ದು ರಂಗಪುರ ನಿಂಬೆಯ ಸಸಿಗೆ. ನಾವು ಜಂಬೇರಿ ನಿಂಬೆಯ ಸಸಿಯನ್ನು ಬಿಟ್ಟು ಬೇರೆಯದನ್ನು ಮುಟ್ಟಿದವರಲ್ಲ. ಅಗ್ಗದ ಬೇರು ತಂದವರು ಸೊಸೆಯ ಹೆಜ್ಜೆಯನ್ನು ದೂರುತ್ತಾರೆ. ನಿಮ್ಮ ದೊಡ್ಡ ವಿದ್ಯೆಯಲ್ಲಿ ಇದಕ್ಕೆ ಜಾಗವಿದೆಯೋ ಇಲ್ಲವೋ ನೋಡಿ.

ಪರೀಕ್ಷೆ ಮಾಡಿ, ಬೇಡವೆನ್ನುವುದಿಲ್ಲ. ಸಸಿಗಳು ನಿಮ್ಮ ಕಚೇರಿಯಲ್ಲಿ ಬೇಡ. ಆ ಅಂಗಳದಲ್ಲಿ ಆಡುಗಳು ತಿರುಗುವುದನ್ನು ನಾನೇ ಕಂಡಿದ್ದೇನೆ. ನಮ್ಮ ಬಾವಿಯ ಪಕ್ಕದಲ್ಲಿರಲಿ. ನೀರು ನಾನೇ ಹಾಕುತ್ತೇನೆ.

ಗುರುಬಾಯಿ


ವಿಜಾಪುರ
೨೮ ಫೆಬ್ರುವರಿ ೧೯೭೭

ಮಾತೋಶ್ರೀಯವರಿಗೆ ನಮಸ್ಕಾರಗಳು.

ಮೊನ್ನೆ ನಿಮ್ಮ ಬಾವಿಯ ಬಳಿ ಕಣ್ಣು ಕಟ್ಟುವಾಗ ನಿಮ್ಮ ಆಳು ಗೊಲ್ಲಾಳಪ್ಪ ನನ್ನ ತಲೆಗೆ ಕೊಡೆ ಹಿಡಿದು ನಿಂತಿದ್ದ. ನೀವು ಅವನಿಗೆ, “ಸಾಯೇಬರ ನೆತ್ತಿ ಸುಡಲಿ, ಸಸಿಗೆ ನೆರಳ ಹಿಡಿಯಲೇ,” ಎಂದಿರಿ. ಅದು ಸರಿಯೇ. ಹಣ್ಣು ಮಾರಿದ ನನ್ನ ಅಬ್ಬಾ ಕೂಡ ಹಾಗೆಯೇ ಹೇಳುತ್ತಿದ್ದರು.

ನಿಮ್ಮ ಪ್ರಶ್ನೆಗಳು. ಗಿಡದ ಕೋಶಗಳ ಗೋಡೆಯಲ್ಲಿ ಬಹಳ ಸಣ್ಣ ಕಿಂಡಿಗಳಿವೆ. ಒಂದು ಕೋಶ ಪಕ್ಕದ ಕೋಶಕ್ಕೆ ಬೇಕಾದದ್ದನ್ನು ಆ ಕಿಂಡಿಯಿಂದಲೇ ದಾಟಿಸುತ್ತದೆ. ಈ ಎಳೆ ಅಷ್ಟು ಸಣ್ಣದಾದ್ದರಿಂದ ಅದೂ ಅದೇ ಕಿಂಡಿಯಿಂದ ದಾಟುತ್ತದೆ ಎಂದು ತಿಳಿದವರ ಅಭಿಪ್ರಾಯ. ಮುಂದೆ ಎಲೆಯಿಂದ ಬೇರಿಗೆ ಆಹಾರ ಇಳಿಯುವ ದಾರಿ ಸಿಕ್ಕಿದರೆ ಇಡೀ ಗಿಡಕ್ಕೆ ಹಬ್ಬುತ್ತದೆ. ಅದು ಯಾವ ಬಾಗಿಲನ್ನೂ ಮುರಿಯುವುದಿಲ್ಲ.

ಜಂಬೇರಿಯ ಬೇರಿನ ಮೇಲೆ ನಿಂತ ಮೋಸಂಬಿ ಇದನ್ನು ತಾಳಿಕೊಂಡು ಹೊರಗೆ ಏನೂ ತೋರಿಸುವುದಿಲ್ಲ. ರಂಗಪುರ ನಿಂಬೆ ತಾಳುವುದಿಲ್ಲ, ತೊಗಟೆ ಬಿಡುತ್ತದೆ. ಅಂದರೆ ಬಬಲೇಶ್ವರದ ಬೇರು ರೋಗ ತಂದದ್ದಲ್ಲ, ಇದ್ದ ರೋಗವನ್ನು ಹೇಳಿದ್ದು. ಚಾಕುವಿಗೆ ಬೆಂಕಿ ತಗುಲಿಸಿದರೆ ಈ ಎಳೆ ಸಾಯುವ ಭರವಸೆಯಿಲ್ಲ. ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಅದ್ದಬೇಕು. ಇದು ಮೊದಲು ಎಲ್ಲಿ, ಹೇಗೆ ಹುಟ್ಟಿತು ಎಂಬುದು ಇನ್ನೂ ಯಾರಿಗೂ ಗೊತ್ತಿಲ್ಲ. ಗಿಡದ ಸ್ವಂತ ಎಳೆಯೇ ತುಂಡಾಗಿ ಹೊರಬಿದ್ದಿರಬಹುದು ಎಂದು ಕೆಲವರು ಊಹಿಸುತ್ತಾರೆ.

ಒಂದು ಮಾತ್ರ ಖಂಡಿತ ಹೇಳಬಲ್ಲೆ. ನಿಮ್ಮ ಮಗಳ ಹೆಜ್ಜೆಗೆ ಇದನ್ನು ಒಯ್ಯುವ ಶಕ್ತಿಯಿಲ್ಲ. ಕಡ್ಡಿಗೆ ಇದೆ.

ಅಬ್ದುಲಗನಿ


ಬಬಲೇಶ್ವರ
೨೩ ಮಾರ್ಚ್ ೧೯೭೭

ಅವ್ವನಿಗೆ ತಾಯವ್ವನ ನಮಸ್ಕಾರ.

ಯುಗಾದಿಗೆ ನೀನು ಕಳಿಸಿದ ಸೀರೆ ಮುಟ್ಟಿತು. ಕೂಸು ಆರಾಮ ಇದ್ದಾಳೆ, ಮಾತು ಬಹಳ ಕಲಿತಿದ್ದಾಳೆ. ಪರೀಕ್ಷೆಯ ಸಸಿಗಳ ವಿಷಯ ಬರೆದಿದ್ದೀ. ಅವು ಚೆನ್ನಾಗಿರಲಿ ಎಂದು ದಿನಾ ಬೇಡಿಕೊಳ್ಳುತ್ತೇನೆ.

ನನ್ನನ್ನು ಈಗ ತೋಟದೊಳಗೆ ಬಿಡುವುದಿಲ್ಲ. ಬುತ್ತಿಯನ್ನು ಬೇಲಿಯ ಹೊರಗೆ ಇಟ್ಟು ಬರುತ್ತೇನೆ. ಅದೂ ಇರಲಿ. ಪಕ್ಕದ ಮನೆಯ ಮದುವೆಯಲ್ಲಿ ಮದುಮಗಳಿಗೆ ಉಡಿ ತುಂಬುವಾಗ ನನ್ನ ಕೈಯಲ್ಲಿನ ಅಕ್ಕಿಯನ್ನು ಅತ್ತೆಯವರು ತಾವು ತೆಗೆದುಕೊಂಡರು. “ನೀ ಬ್ಯಾಡವಾ, ಆಕಿ ಬಾಳೇವರೆ ನೆಟ್ಟಗಾಗಲಿ,” ಎಂದರು. ಎಲ್ಲರೂ ಕೇಳಿದರು. ಇವರಿಗೆ ಹೇಳಿದೆ. ಇವರು ಚಪ್ಪಲಿ ಹಾಕಿಕೊಂಡು ಹೊರಗೆ ಹೋದರು.

ಅವ್ವಾ, ನೀನು ಬಂದು ಜಗಳ ಮಾಡಬೇಡ. ನೀನು ಗೆದ್ದು ಹೋಗುತ್ತೀ. ನಾನು ಇಲ್ಲೇ ಇರಬೇಕು.

ನಿನ್ನ
ತಾಯವ್ವ


ಟಿಕೋಟಾ
೨ ಏಪ್ರಿಲ್ ೧೯೭೭

ಬಬಲೇಶ್ವರದ ಬೋರವ್ವನವರಿಗೆ.

ನನ್ನ ಮಗಳ ಕೈಯಿಂದ ಅಕ್ಕಿ ಕಸಿದುಕೊಂಡಿರಂತೆ. ಅಕ್ಕಿ ಕಸಿದು ತಿನ್ನುವ ಅಭ್ಯಾಸ ನಿಮ್ಮ ಮನೆಯಲ್ಲಿ ನಿಮ್ಮ ತಮ್ಮನಿಗೆ ಮಾತ್ರ ಎಂದು ತಿಳಿದಿದ್ದೆ.

ನಿಮ್ಮ ತೋಟದ ಗಿಡಗಳು ಯಾಕೆ ಸುಲಿಯುತ್ತಿವೆ ಎಂಬುದನ್ನು ಕಂಡುಹಿಡಿಯಲು ಸರಕಾರದ ಅಧಿಕಾರಿ ನನ್ನ ಬಾವಿಯ ಬಳಿ ಸಸಿಗಳನ್ನು ಇಟ್ಟಿದ್ದಾರೆ. ಅವು ಮಾತಾಡುವ ತನಕ ನೀವು ಬಾಯಿ ಮುಚ್ಚಿಕೊಂಡಿರಬೇಕು. ನಿಮಗೆ ಅದು ಕಷ್ಟ ಎಂಬುದು ನನಗೆ ಗೊತ್ತು. ನಿಮ್ಮ ಮಗನಿಂದ ಕಲಿತುಕೊಳ್ಳಿ, ಅವನಿಗೆ ಚೆನ್ನಾಗಿ ಬರುತ್ತದೆ.

ಗುರುಬಾಯಿ


ವಿಜಾಪುರ
೨೧ ಮೇ ೧೯೭೭

ಮಾತೋಶ್ರೀಯವರಿಗೆ ನಮಸ್ಕಾರಗಳು.

ಸಸಿಗಳು ಹೇಗಿವೆ ಎಂದು ಕೇಳಿ ಹೋದ ತಿಂಗಳು ಬರೆದೆ, ಈ ತಿಂಗಳ ಮೊದಲಲ್ಲಿ ಮತ್ತೆ ಬರೆದೆ. ಉತ್ತರ ಬರಲಿಲ್ಲ. ನೀವು ಆರೋಗ್ಯವಾಗಿದ್ದೀರಿ ಎಂದು ಟಿಕೋಟಾದ ಬಸ್ಸಿನವರಿಂದ ತಿಳಿಯಿತು. ಎಲೆ ನೆಟ್ಟಗಿದ್ದರೆ ನೀವು ಇಷ್ಟು ದಿನ ಸುಮ್ಮನೆ ಇರುತ್ತಿರಲಿಲ್ಲ ಎಂದುಕೊಳ್ಳುತ್ತೇನೆ. ತಪ್ಪಾಗಿದ್ದರೆ ಬೈಯಿರಿ.

ಇದಕ್ಕೆ ಔಷಧವಿಲ್ಲ ಎಂಬುದನ್ನು ಮುಚ್ಚಿಡುವುದು ಸರಿಯಲ್ಲವೆಂದು ಬರೆಯುತ್ತಿದ್ದೇನೆ. ಸಿಂಪಡಿಸುವಂಥದ್ದೂ ಇಲ್ಲ, ಬೇರಿಗೆ ಹಾಕುವಂಥದ್ದೂ ಇಲ್ಲ.

ಅಬ್ದುಲಗನಿ


ಟಿಕೋಟಾ
೧೦ ಜೂನ್ ೧೯೭೭

ಅಬ್ದುಲಗನಿ ಅವರಿಗೆ.

ನಿಮ್ಮ ಎಲ್ಲ ಪತ್ರಗಳೂ ತಲುಪಿವೆ. ಪುರಸೊತ್ತಿಲ್ಲದೆ ಉತ್ತರ ತಡವಾಯಿತು ಎಂದು ಬರೆಯುವ ಪದ್ಧತಿ ಇದೆ. ನನಗೆ ಪುರಸೊತ್ತು ಇತ್ತು.

ಏಪ್ರಿಲ್ ಮುಗಿಯುವುದರೊಳಗೇ ಎರಡೂ ಸಸಿಗಳ ಎಲೆ ಬಾಗತೊಡಗಿದ್ದವು. ಬೆರಳಿನಿಂದ ನೆಟ್ಟಗೆ ಮಾಡಿ ಬಿಟ್ಟರೆ ಮತ್ತೆ ಕೆಳಗೆ ಸುರುಳಿಯಾಗುತ್ತಿದ್ದವು. ಎಲೆಯ ಬೆನ್ನಿನ ನರ ಕಂದಾಗಿ ಬಿರಿದಿತ್ತು. ನೀರು ಹೆಚ್ಚು ಮಾಡಿದೆ, ಕಡಿಮೆ ಮಾಡಿದೆ. ನೆರಳಿಗೆ ಸರಿಸಿ ಮತ್ತೆ ಬಿಸಿಲಿಗೆ ತಂದೆ. ನೀವು ಕಣ್ಣು ಕಟ್ಟದೆ ಬಿಟ್ಟ ಮೂರನೆಯ ಸಸಿ ಮಾತ್ರ, ಎಲ್ಲಿಟ್ಟರೂ ನೆಟ್ಟಗೆ ಇತ್ತು. ಅದನ್ನು ಕಂಡರೆ ನನಗೆ ಮೈಯುರಿಯುತ್ತಿತ್ತು.

ಗೊಲ್ಲಾಳಪ್ಪನೂ ನೋಡಿದ್ದ. ಒಂದು ದಿನ ಹತ್ತಿರ ಬಂದು ದನಿ ತಗ್ಗಿಸಿ, “ಅವ್ವಾರ, ಆ ಎರಡನ್ನೂ ಕಿತ್ತು ಅಂಥಾವ ಬ್ಯಾರೆ ತಂದು ಹಚ್ಚಿಬಿಡ್ತೀನ್ರಿ. ಸಾಯೇಬಗ ಏನ ತಿಳೀತೈತ್ರಿ?” ಎಂದ.

“ಏನ್ ಅಂದಿ?”

“ಏನಿಲ್ರಿ.”

“ಗುರುಬಾಯಿ ಒಬ್ಬ ಆಳಮಗನ ಕೈಲೆ ಸುಳ್ಳ ಹಚ್ಚಿಸಿ ಬೋರವ್ವನ ಮುಂದ ಗೆಲ್ಲಬೇಕೇನಲೇ? ಬೋರವ್ವನ ಮುಂದ? ಹೋಗ, ದನಕ್ಕ ನೀರ ಕುಡಸ ಹೋಗ.”

ಅವನನ್ನು ಕಳಿಸಿದೆ. ಆದರೆ ಆ ಮಾತನ್ನು ಅವನಿಗಿಂತ ಮೊದಲು ನಾನೇ ಯೋಚಿಸಿ ಬಿಟ್ಟಿದ್ದೆ. ಬಿಟ್ಟೆನಾದರೂ ನಿಮಗೆ ಬರೆಯಲಿಲ್ಲ. ಬರೆಯದಿದ್ದರೆ ಗಿಡ ನಿರೋಗಿಯಾಗಿಯೇ ಇರುತ್ತದೆ ಎನ್ನುವಂತೆ ನಡೆದುಕೊಂಡೆ. ಇಂಥ ಮೂರ್ಖತನವನ್ನು ಬೇರೆಯವರಲ್ಲಿ ಕಂಡಿದ್ದರೆ ಏನನ್ನುತ್ತಿದ್ದೆ ಎಂಬುದು ನಿಮಗೆ ಗೊತ್ತು.

ಮೇ ಕೊನೆಯಲ್ಲಿ ಸಂಗಣ್ಣ ತಾಯವ್ವನನ್ನು ಜೀಪಿನಲ್ಲಿ ತಂದು ಬಿಟ್ಟ. ಕೆಳಗೆ ಇಳಿಯಲೂ ಇಲ್ಲ. ಟ್ರಂಕನ್ನು ರಸ್ತೆಗೆ ತಳ್ಳಿ, “ಮಳಿ ಆಗಲಿ, ಆಮ್ಯಾಲ ನೋಡೂನು,” ಎಂದು ಜೀಪು ತಿರುಗಿಸಿಕೊಂಡು ಹೋದ. ಕೂಸನ್ನು ಅವರು ಅಲ್ಲೇ ಇಟ್ಟುಕೊಂಡಿದ್ದರು.

ತಾಯವ್ವ ಕೈಕಾಲು ತೊಳೆಯಲು ಬಾವಿಯ ಬಳಿ ಹೋದಳು. ಬಹಳ ಹೊತ್ತು ಬರಲಿಲ್ಲ. ಬಂದವಳು ಹಿಟ್ಟು ಕಲಸಿ ರೊಟ್ಟಿ ಬಡಿಯಲು ಕೂತಳು.

“ಎರಡು ಗಿಡದ ಎಲಿ ಮುದುಡ್ಯಾವಲ್ಲಬೇ?”

“ಬಿಸಲಿಗೆ.”

“ಮೂರನೇದಕ್ಕ ಬಿಸಲ ಬಡದಿಲ್ಲೇನ?”

ನಾನು ಒಲೆಗೆ ಇನ್ನೊಂದು ಕಟ್ಟಿಗೆ ನೂಕಿದೆ. ಅವಳು ಮತ್ತೆ ಕೇಳಲಿಲ್ಲ. ರೊಟ್ಟಿ ಬಡಿಯುತ್ತಲೇ ಇದ್ದಳು. ಉಣ್ಣುವವರು ನಾವು ಇಬ್ಬರು ಮತ್ತು ಗೊಲ್ಲಾಳಪ್ಪ. ಅವಳು ಬುಟ್ಟಿ ತುಂಬುವ ತನಕ ಬಡಿದಳು. ಅವಳಿಗೆ ಗೊತ್ತಾಗಿತ್ತು. ನಾನು ಸುಮ್ಮನಿದ್ದರೆ ಅವಳೂ ಸುಮ್ಮನಿದ್ದುಬಿಡುತ್ತಾಳೆ, ಜೀವ ಇರುವ ತನಕ ಕಾಲ್ಗುಣ ಕೆಟ್ಟವಳೆಂದು ಅನ್ನಿಸಿಕೊಂಡು ನನ್ನ ಗಿಡದ ಹೆಸರು ಉಳಿಸುತ್ತಾಳೆ ಎಂಬುದು ನನಗೂ ಗೊತ್ತಾಯಿತು. ನನ್ನ ಮನೆತನದ ಮರ್ಯಾದೆಯನ್ನು ನನ್ನ ಮಗಳು ಹಾಗೆ ಹೊರಬೇಕಾದರೆ ಆ ಮರ್ಯಾದೆಯೂ ನೀವು ಹೇಳಿದ ಆ ಎಳೆಯಂಥದ್ದೇ.

ನಿನ್ನೆ ಬಬಲೇಶ್ವರದ ಸಂತೆ. ತಾಯವ್ವನನ್ನೂ ಟ್ರಂಕನ್ನೂ ಜೀಪಿನಲ್ಲಿ ಕೂರಿಸಿಕೊಂಡು ಹೋದೆ. ಅವರ ತೋಟ ಸಂತೆಯ ದಾರಿಯಲ್ಲೇ ಇದೆ. ಬೋರವ್ವ ಬೇಲಿಯ ಬಳಿ ನಿಂತಿದ್ದಳು. ಅಳಿಯ ಒಳಗೆ ನೀರು ತಿರುವುತ್ತಿದ್ದ. ನಾನು ಬೇಲಿಯ ಹೊರಗೇ ನಿಂತು, ಸಂತೆಯವರಿಗೂ ಕೇಳುವಂತೆ ಹೇಳಿದೆ.

“ಬೋರವ್ವಾರ, ನಿಮ್ಮ ಗಿಡದ ಬ್ಯಾನಿ ನನ್ನ ತೋಟದಿಂದ ಬಂದೇತಿ. ನಾ ಉಡಿಯಾಗ ಕೊಟ್ಟ ಕಡ್ಡ್ಯಾಗ ಇತ್ತು.”

ಬುಟ್ಟಿ ಹೊತ್ತ ಹೆಂಗಸರು ನಿಂತರು. ಬೋರವ್ವನಿಗೆ ಮೊದಲು ನಂಬಿಕೆಯಾಗಲಿಲ್ಲ, ಆಮೇಲೆ ಮುಖ ಅರಳಿತು. “ಅಂದ್ರ ತಪ್ಪ ನಿಮ್ಮ ಮನೀದ ಅಂದಂಗಾತು.”

“ನನ್ನ ಮನೀದು. ನಿಮ್ಮ ಸೊಸೀದಲ್ಲ. ಮೊದಲನೇ ಮಾತ ಅಷ್ಟ ಕೇಳಿಸ್ತೋ, ಎರಡನೇದೂ ಕೇಳಿಸ್ತೋ?”

“ಬಾಯಿಲೆ ಏನ ಬೇಕಾದ್ದ ಅನಬಹುದ್ರಿ. ಮಗಳನ್ನ ಒಳಗ ಹಾಕಾಕ ನಾಟಕ ಮಾಡಾಕತ್ತೀರಿ. ಹಂಗಿದ್ರ ನಿಮ್ಮ ಗಿಡ ಯಾಕ ಇನ್ನೂ ಟಿಕೋಟಾದಾಗ ನಿಂತೈತಿ?”

“ನಿಂತಿಲ್ಲ. ಮುಂಜಾನೆ ಕಡಿಸಿ ಬಂದೇನಿ.”

ತಾಯವ್ವ ನನ್ನ ಮುಖ ನೋಡಿದಳು. ಅವಳಿಗೂ ನಾನು ಹೇಳಿರಲಿಲ್ಲ. ಅವಳು ಏಳುವುದಕ್ಕೆ ಮೊದಲೇ ಕೆಲಸ ಮುಗಿದಿತ್ತು. ಮಲಕಾಜಪ್ಪ ಗುದ್ದಲಿ ಅಲ್ಲೇ ಬಿಟ್ಟು ಬಂದ. ತಾಯಿಯನ್ನು ದಾಟಿ ಬೇಲಿಯ ಹೊರಗೆ ಬಂದು ಟ್ರಂಕನ್ನು ಎತ್ತಿ ಹೆಗಲಿಗೆ ಹಾಕಿಕೊಂಡ. “ನಡೀ, ಕೂಸ ರಾತ್ರಿಂದ ಅಳಾಕತ್ತೇತಿ,” ಎಂದ. ಅವನ ದನಿ ಅಷ್ಟು ದೊಡ್ಡದಿದೆ ಎಂದು ನನಗೆ ಗೊತ್ತಿರಲಿಲ್ಲ. ಬೋರವ್ವನಿಗೂ ಗೊತ್ತಿರಲಿಲ್ಲ ಎಂದು ಕಾಣುತ್ತದೆ. ಒಳ್ಳೆಯ ಅಳಿಯ ಎಂದು ನಾನಿನ್ನೂ ಹೇಳುವುದಿಲ್ಲ.

ಆಕೆಯ ಮುಂದೆ ತಲೆ ತಗ್ಗಿಸಿದೆ ಎಂದು ಸಂತೆಯಲ್ಲಿ ಮಾತಾಡುತ್ತಿದ್ದಾರಂತೆ. ಮಾತಾಡಲಿ. ಹೇಳಲು ಎದ್ದು ಹೋಗುವ ಎದೆ ಇದ್ದದ್ದು ಯಾರಿಗೆ ಎಂಬುದನ್ನು ಬಲ್ಲವರು ಬಲ್ಲರು, ಉಳಿದವರು ಯಾವ ಲೆಕ್ಕಕ್ಕೆ?

ನೀವು ಗಿಡ ನೋಡಲು ಬರುವುದು ಬೇಡ, ನೋಡಲು ಏನೂ ಇಲ್ಲ. ತೊರವಿ, ಇಟ್ಟಂಗಿಹಾಳದಲ್ಲಿರುವ ನಮ್ಮ ಮನೆತನದ ಹೆಣ್ಣುಮಕ್ಕಳಿಗೆ ಅವರವರ ತೋಟದ ಗಿಡಗಳನ್ನು ಕೀಳಿಸಿರೆಂದು ಗೊಲ್ಲಾಳಪ್ಪನ ಕೈಯಲ್ಲಿ ಹೇಳಿ ಕಳಿಸಿದ್ದೇನೆ. ನನ್ನ ಮಾವನವರ ಗಿಡವನ್ನು ಕಡಿಸಿ, ಬೇರನ್ನು ಅಗೆಸಿ ತೆಗೆಸಿದೆ. ಅದರ ಕಣ್ಣು ಕಟ್ಟಿ ಬೆಳೆಸಿದ್ದ ಇಡೀ ತೋಟವೂ ಇಂದು ಮಧ್ಯಾಹ್ನಕ್ಕೆ ಬಿತ್ತು.

ಗುರುಬಾಯಿ ರಾಮಲಿಂಗಗೌಡ ಪಾಟೀಲ